ಮುಂಗಡ ಯಾರ ದುಡ್ಡು? – ರೂಮು, ಹೋಂಸ್ಟೇ ಬುಕಿಂಗ್ ಕ್ಯಾನ್ಸಲ್ ಆದಾಗ ಹಣದ ಲೆಕ್ಕ



ನಮ್ಮ ಸಂಘಗಳು ಶುರುವಾದ ಕಾಲದಲ್ಲಿ ಸಾಲ ಅಂದರೆ ಹಸು, ಕುರಿ, ಹೊಲಿಗೆ ಯಂತ್ರ, ಚಿಲ್ಲರೆ ಅಂಗಡಿ. ಈಗ ಇನ್ನೊಂದು ಕಸುಬು ಸೇರಿಕೊಂಡಿದೆ. ಮನೆಯ ಒಂದೆರಡು ಕೋಣೆಗೆ ಸುಣ್ಣ ಬಣ್ಣ ಮಾಡಿಸಿ, ಪಕ್ಕದಲ್ಲೇ ಬಚ್ಚಲು ಕಟ್ಟಿಸಿ, ಬಂದವರಿಗೆ ದಿನದ ಲೆಕ್ಕದಲ್ಲಿ ಬಾಡಿಗೆಗೆ ಕೊಡುವುದು. ಸಕಲೇಶಪುರ, ಬಿಸಿಲೆ ಕಡೆ ಹೋಂಸ್ಟೇಗಳು ಬಹಳ ಇವೆ. ನಮ್ಮ ಅರಕಲಗೂಡು ತಾಲ್ಲೂಕಿನ ಗಡಿ ದಾಟಿದರೆ ಕೊಡಗು. ರಾಮನಾಥಪುರದ ಷಷ್ಠಿ ಜಾತ್ರೆಗೆ, ಗೊರೂರು ಅಣೆಕಟ್ಟು ನೋಡಲು, ಶೆಟ್ಟಿಹಳ್ಳಿಯ ಹಳೆಯ ಚರ್ಚ್ ನೋಡಲು ಜನ ಬರುತ್ತಾರೆ. ವರ್ಷಕ್ಕೊಮ್ಮೆ ದೀಪಾವಳಿ ಸಮಯದಲ್ಲಿ ಹಾಸನಾಂಬೆಯ ಬಾಗಿಲು ತೆಗೆದರೆ ಹಾಸನದಲ್ಲಿ ರೂಮು ಸಿಗುವುದೇ ಕಷ್ಟ. 2023ರ ಸೆಪ್ಟೆಂಬರ್‌ನಲ್ಲಿ ಬೇಲೂರು, ಹಳೇಬೀಡು ದೇವಾಲಯಗಳು ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಹೀಗೆ ಬರುವವರಿದ್ದಾರೆ, ಉಳಿಸಿಕೊಳ್ಳುವವರೂ ಇದ್ದಾರೆ.

ಆದರೆ ಬುಕ್ ಮಾಡಿದವರೆಲ್ಲ ಬರುವುದಿಲ್ಲ. ಬರದೇ ಹೋದಾಗ ಕೊಟ್ಟ ಮುಂಗಡ ಏನಾಗಬೇಕು? ಇದೇ ಈ ಸಲದ ಪಾಠ. ಕೋಣೆ ಬಾಡಿಗೆಗೆ ಕೊಡುವವರಿಗೂ, ಹೋಂಸ್ಟೇಗಳಲ್ಲಿ ಅಡುಗೆ, ಕಸಮುಸುರೆ ಕೆಲಸಕ್ಕೆ ಹೋಗುವವರಿಗೂ, ವರ್ಷಕ್ಕೊಮ್ಮೆ ಸಂಘದಿಂದ ಪ್ರವಾಸ ಹೋಗಿ ರೂಮು ಹಿಡಿಯುವವರಿಗೂ ಇದು ಬೇಕಾದ ವಿಷಯ.

ಈ ಪಾಠದಿಂದ ನಾವು ತಿಳಿಯುವುದು:
• ಮುಂಗಡ ಹಣ ಯಾರದ್ದು?
• ಕ್ಯಾನ್ಸಲ್ ಆದರೆ ಎಷ್ಟು ಹಿಡಿದುಕೊಳ್ಳಬಹುದು?
• ಮಳೆ, ರೋಗ ಬಂದು ಯಾರದ್ದೂ ತಪ್ಪಿಲ್ಲದಾಗ ಏನು ಮಾಡಬೇಕು?
• ಚೀಟಿಯಲ್ಲಿ ಏನೇನು ಬರೆಯಬೇಕು?
• ಜಗಳ ಬಗೆಹರಿಯದಿದ್ದರೆ ಎಲ್ಲಿಗೆ ಹೋಗಬೇಕು?

1. ಜಗಳ ಹುಟ್ಟುವುದು ಎಲ್ಲಿ?

ಬರಬೇಕಿದ್ದವರು ಹೇಳುವುದು ಹೀಗೆ: "ನಾವು ಒಂದು ರಾತ್ರಿಯೂ ಮಲಗಲಿಲ್ಲ, ಒಂದು ಲೋಟ ಕಾಫಿಯೂ ಕುಡಿಯಲಿಲ್ಲ. ಹಣ ಯಾಕೆ ಇಟ್ಕೋತೀರಿ?" ಮನೆಯವರು ಹೇಳುವುದು ಹೀಗೆ: "ನಿಮಗೋಸ್ಕರ ರೂಮು ಖಾಲಿ ಇಟ್ಟೆ. ಬೇರೆ ಇಬ್ಬರು ಕೇಳಿದರೂ ಇಲ್ಲ ಅಂದೆ. ಆ ನಷ್ಟ ಯಾರು ಕೊಡ್ತಾರೆ?"

ಇಬ್ಬರ ಮಾತೂ ನಿಜವೇ. ಆದ್ದರಿಂದಲೇ ಜಗಳ ಮುಗಿಯುವುದಿಲ್ಲ. ಇವರಿಬ್ಬರ ನಡುವೆ ಮೂರನೆಯವಳು ಒಬ್ಬಳಿದ್ದಾಳೆ. ಬೆಳಿಗ್ಗೆ ಅಡುಗೆಗೆ ಬಾ ಎಂದು ಹೇಳಿಸಿಕೊಂಡು, ಆ ದಿನದ ಕಾಫಿ ತೋಟದ ಕೂಲಿಯನ್ನೋ ಶುಂಠಿ ಹೊಲದ ಕೂಲಿಯನ್ನೋ ಬಿಟ್ಟು ಬಂದವಳು. "ಗೆಸ್ಟ್ ಬರ್ಲಿಲ್ಲ ಕಣಮ್ಮ, ಇವತ್ತು ಕೆಲ್ಸ ಇಲ್ಲ" ಎಂದರೆ ಅವಳ ದಿನ ಹೋಯಿತು. ಮುಂಗಡ ಹಿಡಿದುಕೊಂಡ ಮನೆಯವರು ಅದರಲ್ಲಿ ಅವಳ ಕೂಲಿಯ ಪಾಲು ಕೊಡುತ್ತಾರೆಯೇ? ಹೆಚ್ಚಿನ ಕಡೆ ಈ ಪ್ರಶ್ನೆಯನ್ನೇ ಯಾರೂ ಕೇಳುವುದಿಲ್ಲ. ಲಿಖಿತ ಮಾತಿಲ್ಲದ ಕಡೆ ನಷ್ಟ ಯಾವಾಗಲೂ ಬಲವಿಲ್ಲದವರ ತಲೆಯ ಮೇಲೆ ಬೀಳುತ್ತದೆ.

2. ಮುಂಗಡ ಇನ್ನೂ ನಮ್ಮ ದುಡ್ಡಲ್ಲ

ಸಂಘದ ಉಳಿತಾಯದ ಹಣ ಪ್ರತಿನಿಧಿಯ ಕೈಯಲ್ಲಿದ್ದರೂ ಅದು ಅವರ ಸ್ವಂತ ಹಣವಲ್ಲ. ಇದು ನಮಗೆಲ್ಲ ಚೆನ್ನಾಗಿ ಗೊತ್ತು. ಮುಂಗಡವೂ ಹಾಗೆಯೇ. ಅತಿಥಿ ಬಂದು ಉಳಿದು ಹೋಗುವ ತನಕ ಅದು ನಮ್ಮ ಕೈಯಲ್ಲಿರುವ ಇನ್ನೊಬ್ಬರ ಹಣ.

ಬಹಳ ಜಗಳಗಳಿಗೆ ಮೂಲ ಇಲ್ಲೇ ಇದೆ. ಮುಂಗಡ ಬಂದ ದಿನವೇ ಅದು ಸಂಘದ ಸಾಲದ ಕಂತಿಗೋ, ಮಕ್ಕಳ ಫೀಸಿಗೋ, ಗೊಬ್ಬರದ ಅಂಗಡಿಗೋ ಹೋಗಿರುತ್ತದೆ. ವಾಪಸ್ ಕೊಡಿ ಎಂದಾಗ ಕೊಡಲು ಕೈಯಲ್ಲಿ ಇರುವುದಿಲ್ಲ. ಕೊಡಲು ಆಗದ್ದನ್ನು ಕೊಡುವುದಿಲ್ಲ ಎಂದು ಹೇಳಬೇಕಾಗುತ್ತದೆ. ಮಾತು ಬೆಳೆಯುತ್ತದೆ.

ಇದಕ್ಕೆ ದಾರಿ ಸುಲಭ. ಮುಂಗಡಕ್ಕೇ ಬೇರೆ ಉಳಿತಾಯ ಖಾತೆ ಇಡಿ. ಆಗದಿದ್ದರೆ ನೋಟ್ ಪುಸ್ತಕದಲ್ಲಿ ಬೇರೆ ಪುಟ ಇಟ್ಟು, ಬಂದ ದಿನ, ಯಾರಿಂದ, ಯಾವ ದಿನಕ್ಕೆ ಎಂದು ಬರೆದು ಆ ಹಣ ಮುಟ್ಟಬೇಡಿ. ಅತಿಥಿ ಬಂದು ಹೋದ ಮೇಲೆ ಅದನ್ನು ಆದಾಯದ ಪುಟಕ್ಕೆ ತನ್ನಿ. ಸಾಲದ ಕಂತನ್ನು ಲೆಕ್ಕ ಹಾಕುವಾಗಲೂ ಬಂದು ಹೋದವರ ಹಣವನ್ನು ಮಾತ್ರ ನಂಬಿ. ಬುಕ್ ಮಾಡಿದವರ ಹಣವನ್ನು ನಂಬಿ ಸಾಲ ಎತ್ತಬೇಡಿ.

3. ಎಷ್ಟು ಹಿಡಿದುಕೊಳ್ಳಬಹುದು?

"ಮುಂಗಡ ಹಣ ವಾಪಸ್ ಇಲ್ಲ" ಎಂದು ರಸೀದಿಯ ಮೇಲೆ ಮುದ್ರೆ ಒತ್ತಿಬಿಟ್ಟರೆ ಮುಗಿಯಿತು ಎಂದು ತುಂಬಾ ಜನ ತಿಳಿದಿದ್ದಾರೆ. ಅದು ಸರಿಯಲ್ಲ. ನಮ್ಮ ದೇಶದ ಕರಾರು ಕಾಯ್ದೆ 1872ರಷ್ಟು ಹಳೆಯದು. ಅದರ 74ನೇ ಕಲಮಿನ ಸಾರ ಇಷ್ಟು: ಮಾತು ತಪ್ಪಿದರೆ ಇಷ್ಟು ಕೊಡಬೇಕು ಎಂದು ಬರೆದುಕೊಂಡಿದ್ದರೂ, ಸಿಗುವುದು ನ್ಯಾಯವಾದ ಪರಿಹಾರ ಮಾತ್ರ, ಬರೆದ ಮೊತ್ತ ಅದರ ಮೇಲಿನ ಮಿತಿ. 2020ರ ಜುಲೈಯಲ್ಲಿ ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯೂ, ಆದ ನಷ್ಟಕ್ಕೆ ಹೊಂದದಷ್ಟು ದೊಡ್ಡ ದಂಡವನ್ನು ಗ್ರಾಹಕರ ಮೇಲೆ ಹೇರುವ ಕರಾರನ್ನು ನ್ಯಾಯವಲ್ಲದ ಕರಾರು ಎನ್ನುತ್ತದೆ. ಒಟ್ಟಿನಲ್ಲಿ, ಆದ ನಷ್ಟದಷ್ಟು ಹಿಡಿದುಕೊಳ್ಳಿ, ಅದಕ್ಕಿಂತ ಹೆಚ್ಚು ಬೇಡ.

ಒಂದು ಲೆಕ್ಕ ಮಾಡಿ ನೋಡೋಣ. ಎರಡು ಕೋಣೆ, ಒಂದಕ್ಕೆ ದಿನಕ್ಕೆ 1,200 ರೂಪಾಯಿ, ಎರಡು ರಾತ್ರಿ. ಒಟ್ಟು 4,800 ರೂಪಾಯಿ. ಮುಂಗಡ 2,400 ರೂಪಾಯಿ ಬಂದಿದೆ ಎಂದಿಟ್ಟುಕೊಳ್ಳಿ.

(ಅ) 20 ದಿನ ಮುಂಚೆಯೇ "ಬರಲ್ಲ" ಅಂದರು. ನಾವು ಇನ್ನೂ ಏನೂ ಕೊಂಡಿಲ್ಲ, ಬೇರೆಯವರು ಸಿಗಲು ದಿನ ಇದೆ. ಪೂರ್ತಿ 2,400 ಹಿಂದಕ್ಕೆ ಕೊಡುವುದೇ ಸರಿ.

(ಆ) ಮೂರು ದಿನ ಇರುವಾಗ ಹೇಳಿದರು. ಅದೃಷ್ಟಕ್ಕೆ ಬೇರೆ ಕುಟುಂಬ ಎರಡೂ ಕೋಣೆಯನ್ನು ಎರಡೂ ರಾತ್ರಿಗೆ ಅದೇ ಬಾಡಿಗೆಗೆ ಹಿಡಿಯಿತು. ನಮಗೆ ನಷ್ಟವೇ ಆಗಿಲ್ಲ. ಆದರೂ 2,400 ಹಿಡಿದುಕೊಂಡರೆ ಒಂದೇ ಲೀಟರ್ ಹಾಲನ್ನು ಡೇರಿಗೂ ಹಾಕಿ ಪಕ್ಕದ ಮನೆಗೂ ಮಾರಿದ ಹಾಗೆ. ಅದನ್ನು ವಾಪಸ್ ಕೊಡಬೇಕು.

(ಇ) ಮೂರು ದಿನ ಇರುವಾಗ ಹೇಳಿದರು. ಒಂದು ರಾತ್ರಿಗೆ ಮಾತ್ರ ಬೇರೆಯವರು ಬಂದರು. ಇನ್ನೊಂದು ರಾತ್ರಿಯ 2,400 ಹೋಯಿತು. ಆದರೆ ಆ ದಿನ ಬಿಸಿನೀರು, ಬಟ್ಟೆ ಒಗೆಯುವುದು, ಬೆಳಗಿನ ತಿಂಡಿ ಎಂದು ಸುಮಾರು 400 ಖರ್ಚು ನಮಗೆ ಉಳಿಯಿತು. ನಿಜವಾದ ನಷ್ಟ 2,000. ಅದನ್ನು ಹಿಡಿದುಕೊಂಡು 400 ವಾಪಸ್ ಕೊಡಬಹುದು.

(ಈ) ಸಂಜೆಯವರೆಗೂ ಫೋನೇ ಇಲ್ಲ, ಬರಲೂ ಇಲ್ಲ. ತರಕಾರಿ, ಕೋಳಿ ತಂದಾಗಿದೆ, ಅಡುಗೆಯವರು ಬಂದಾಗಿದೆ, ಕೋಣೆ ಎರಡು ರಾತ್ರಿಯೂ ಖಾಲಿ. ನಷ್ಟ ಮುಂಗಡಕ್ಕಿಂತ ಹೆಚ್ಚು. ಪೂರ್ತಿ 2,400 ಹಿಡಿದುಕೊಳ್ಳುವುದರಲ್ಲಿ ತಪ್ಪಿಲ್ಲ. ಇದರಲ್ಲಿ ಅಡುಗೆಯವರ ಕೂಲಿ ಮೊದಲು ಕೊಡಬೇಕು.

ಮುಖ್ಯ ಮಾತು: ಈ ನಷ್ಟವನ್ನು ಬಾಯಲ್ಲಿ ಹೇಳಿದರೆ ಸಾಲದು, ಪುಸ್ತಕದಲ್ಲಿ ತೋರಿಸಬೇಕು. ಯಾವ ದಿನ ಯಾರು ಉಳಿದರು ಎಂಬ ರಿಜಿಸ್ಟರ್, ಅಂಗಡಿ ಚೀಟಿ ಇವೇ ನಮ್ಮ ಸಾಕ್ಷಿ.

ಮನೆಯವರೇ ಕ್ಯಾನ್ಸಲ್ ಮಾಡಿದರೆ? ಹಬ್ಬದ ದಿನ ಹೆಚ್ಚು ಬಾಡಿಗೆ ಕೊಡುವವರು ಸಿಕ್ಕರು ಎಂದು ಮೊದಲು ಮಾತು ಕೊಟ್ಟವರನ್ನು ಬಿಡುವುದು ನಡೆಯುತ್ತದೆ. ಹಾಸನಾಂಬೆ ದರ್ಶನಕ್ಕೆ ಮಕ್ಕಳು ಮರಿ ಕಟ್ಟಿಕೊಂಡು ರಾತ್ರಿ ಬಂದಿಳಿದವರಿಗೆ ರೂಮಿಲ್ಲ ಎಂದರೆ ಅವರು ಎಲ್ಲಿಗೆ ಹೋಗಬೇಕು? ಇಲ್ಲಿ ಪೂರ್ತಿ ಹಣ ಹಿಂದಕ್ಕೆ ಕೊಟ್ಟರೂ ಸಾಲದು. ಅಷ್ಟೇ ಒಳ್ಳೆಯ ಬೇರೆ ಜಾಗ ಹುಡುಕಿಕೊಡುವುದು ನಮ್ಮ ಹೊಣೆ. ಇಲ್ಲದಿದ್ದರೆ ಗ್ರಾಹಕ ಆಯೋಗದಲ್ಲಿ ಪರಿಹಾರ ಕೇಳಲು ಅವರಿಗೆ ದಾರಿ ಇದೆ.

4. ಯಾರದ್ದೂ ತಪ್ಪಿಲ್ಲದಾಗ

2018ರ ಆಗಸ್ಟ್ ತಿಂಗಳನ್ನು ನಾವು ಮರೆತಿಲ್ಲ. ಕೊಡಗಿನಲ್ಲಿ ಗುಡ್ಡಗಳು ಕುಸಿದು ಮನೆ, ತೋಟ, ಜೀವ ಹೋದವು. ಸಕಲೇಶಪುರದ ಕೆಳಗೆ ಶಿರಾಡಿ ಘಾಟಿ ರಸ್ತೆಯೂ ಮುಚ್ಚಿತು. ಪ್ರವಾಸಿಗರು ಬರದಂತೆ ಕೊಡಗು ಜಿಲ್ಲಾಡಳಿತವೇ ಕೆಲವು ಕಾಲ ತಡೆ ಹಾಕಿತು. ಮತ್ತೆ 2020ರ ಮಾರ್ಚ್ 25ರಿಂದ ಕೊರೋನಾ ಲಾಕ್‌ಡೌನ್. ದೇಶವೇ ನಿಂತಿತು. ಬರುವವರು ಬರಲು ಆಗಲಿಲ್ಲ, ಕರೆಯುವವರು ಬಾಗಿಲು ತೆರೆಯಲು ಆಗಲಿಲ್ಲ.

ಇಂಥ ಸಮಯಕ್ಕೂ ಕರಾರು ಕಾಯ್ದೆಯಲ್ಲಿ ಮಾತಿದೆ. ಮಾಡಲು ಸಾಧ್ಯವೇ ಇಲ್ಲದಂತಾದ ಕರಾರು ಬಿದ್ದುಹೋಗುತ್ತದೆ ಎಂದು 56ನೇ ಕಲಮು, ಹಾಗೆ ಬಿದ್ದುಹೋದಾಗ ಪಡೆದದ್ದನ್ನು ಹಿಂದಕ್ಕೆ ಕೊಡಬೇಕು ಎಂದು 65ನೇ ಕಲಮು ಹೇಳುತ್ತದೆ. ಆದರೆ "ಮಳೆ ಬರೋ ಹಾಗಿದೆ, ಮನಸ್ಸಿಲ್ಲ" ಎನ್ನುವುದು ಬೇರೆ, ಸರ್ಕಾರವೇ ದಾರಿ ಮುಚ್ಚುವುದು ಬೇರೆ. ಮೊದಲನೆಯದು ಅವರ ಇಷ್ಟ, ಎರಡನೆಯದು ಯಾರ ಕೈಯಲ್ಲೂ ಇಲ್ಲ.

ಆಗ ಇಡೀ ಪ್ರಪಂಚದಲ್ಲಿ ಇದೇ ಜಗಳ ನಡೆಯಿತು. ಮನೆ, ಕೋಣೆಗಳನ್ನು ದಿನದ ಬಾಡಿಗೆಗೆ ಕೊಡಿಸುವ ಅಮೆರಿಕದ ಏರ್‌ಬಿಎನ್‌ಬಿ ಕಂಪನಿ, 2020ರ ಮಾರ್ಚ್ 14ಕ್ಕೆ ಮೊದಲು ಬುಕ್ ಮಾಡಿ ಆ ದಿನಗಳಲ್ಲಿ ಹೋಗಬೇಕಾಗಿದ್ದವರಿಗೆ ಪೂರ್ತಿ ಹಣ ವಾಪಸ್ ಎಂದು ಘೋಷಿಸಿತು. ಅತಿಥಿಗಳಿಗೆ ಸಂತೋಷವಾಯಿತು. ಆದರೆ ಮನೆ ಕೊಟ್ಟವರನ್ನು ಯಾರೂ ಕೇಳಿರಲಿಲ್ಲ. ಅವರಲ್ಲಿ ಮನೆ ಸಾಲದ ಕಂತು ಕಟ್ಟುತ್ತಿದ್ದ ಸಾಮಾನ್ಯ ಜನ ಎಷ್ಟೋ ಮಂದಿ. ದೊಡ್ಡ ಗಲಾಟೆಯಾದ ಮೇಲೆ ಅದೇ ತಿಂಗಳ ಕೊನೆಯಲ್ಲಿ ಕಂಪನಿಯ ಮುಖ್ಯಸ್ಥ ಬ್ರಯಾನ್ ಚೆಸ್ಕಿ ಮನೆಯವರ ಕ್ಷಮೆ ಕೇಳಿ, 25 ಕೋಟಿ ಡಾಲರ್ ತೆಗೆದಿಡುವುದಾಗಿ ಹೇಳಿದರು. ಕ್ಯಾನ್ಸಲ್ ಆದಾಗ ನಿಯಮದ ಪ್ರಕಾರ ಮನೆಯವರಿಗೆ ಸಿಗಬೇಕಾಗಿದ್ದ ಹಣದಲ್ಲಿ ನೂರಕ್ಕೆ 25ರಷ್ಟು ಸಿಗುವ ಏರ್ಪಾಡು ಅದು.

ನಮಗೆ ಇದರಿಂದ ಎರಡು ಪಾಠ. ಒಂದು, ಆಪ್ ಮೂಲಕ ಕೋಣೆ ಕೊಟ್ಟರೆ ನಿಯಮ ಮಾಡುವವರು ನಾವಲ್ಲ. ಸೇರುವಾಗಲೇ ಕ್ಯಾನ್ಸಲ್ ನಿಯಮವನ್ನು ಓದಿಸಿ ತಿಳಿದುಕೊಳ್ಳಬೇಕು. ಎರಡು, ಯಾರದ್ದೂ ತಪ್ಪಿಲ್ಲದ ನಷ್ಟವನ್ನು ಒಬ್ಬರ ಮೇಲೆಯೇ ಹೊರಿಸಿದರೆ ಅದು ನಿಲ್ಲುವುದಿಲ್ಲ. ನಮ್ಮ ಮಟ್ಟದಲ್ಲಿ ಒಳ್ಳೆಯ ದಾರಿ ಅಂದರೆ ದಿನ ಬದಲಾಯಿಸಿ ಕೊಡುವುದು. "ಆರು ತಿಂಗಳೊಳಗೆ ಯಾವಾಗ ಬೇಕಾದರೂ ಬನ್ನಿ, ಇದೇ ಮುಂಗಡ ನಡೆಯುತ್ತೆ" ಎಂದರೆ ಒಪ್ಪುವವರು ಇರುತ್ತಾರೆ. ಒಪ್ಪದಿದ್ದರೆ ಹಣ ವಾಪಸ್ ಕೊಡಬೇಕು. ಬಲವಂತ ಮಾಡುವ ಹಾಗಿಲ್ಲ.

5. ಚೀಟಿ ಬರೆಯೋಣ

ಮುಂಗಡ ತೆಗೆದುಕೊಂಡ ಹೊತ್ತಿನಲ್ಲೇ ಈ ಚೀಟಿ ಬರೆದು ಒಂದು ಪ್ರತಿ ಅವರಿಗೆ, ಒಂದು ನಮಗೆ. ಫೋನಿನಲ್ಲಿ ಬುಕ್ ಮಾಡಿದರೆ ಇದನ್ನೇ ವಾಟ್ಸಾಪ್‌ನಲ್ಲಿ ಕಳಿಸಿ, "ಒಪ್ಪಿಗೆ" ಎಂದು ಅವರಿಂದ ಬರೆಸಿಕೊಳ್ಳಿ. ಆ ಸಂದೇಶ ಅಳಿಸಬೇಡಿ.

ಮಾದರಿ ಚೀಟಿ
ಬುಕ್ ಮಾಡಿದವರ ಹೆಸರು, ಊರು, ಫೋನ್: ..........
ಬರುವ ದಿನ ಮತ್ತು ಹೊತ್ತು: .......... ಹೋಗುವ ದಿನ: ..........
ಕೋಣೆ ಎಷ್ಟು: ..... ಜನ ಎಷ್ಟು: ..... ಊಟ ತಿಂಡಿ ಸೇರಿದೆಯೇ: .....
ಒಟ್ಟು ಬಾಡಿಗೆ: ..... ಮುಂಗಡ: ..... ಬಾಕಿ: .....
15 ದಿನಕ್ಕೆ ಮೊದಲು ಕ್ಯಾನ್ಸಲ್ ಮಾಡಿದರೆ: ಪೂರ್ತಿ ವಾಪಸ್.
7ರಿಂದ 15 ದಿನ ಇರುವಾಗ: ಮುಂಗಡದಲ್ಲಿ ಅರ್ಧ ವಾಪಸ್.
7 ದಿನಕ್ಕಿಂತ ಕಡಿಮೆ ಇರುವಾಗ: ಕೋಣೆಗೆ ಬೇರೆಯವರು ಬಂದರೆ ಪೂರ್ತಿ ವಾಪಸ್, ಬರದಿದ್ದರೆ ಆದ ನಷ್ಟ ಹಿಡಿದು ಉಳಿದದ್ದು ವಾಪಸ್.
ಸರ್ಕಾರದ ಆದೇಶ ಅಥವಾ ರಸ್ತೆ ಬಂದ್ ಆದರೆ: ದಿನ ಬದಲಾವಣೆ ಅಥವಾ ಪೂರ್ತಿ ವಾಪಸ್, ಅತಿಥಿಯ ಇಷ್ಟದಂತೆ.
ಮನೆಯವರೇ ಕ್ಯಾನ್ಸಲ್ ಮಾಡಿದರೆ: ಪೂರ್ತಿ ವಾಪಸ್ ಮತ್ತು ಬೇರೆ ಜಾಗ ಹುಡುಕಲು ಸಹಾಯ.
ಹಣ ವಾಪಸ್ ಮಾಡುವ ಅವಧಿ: ..... ದಿನದೊಳಗೆ.
ಇಬ್ಬರ ಸಹಿ ಮತ್ತು ದಿನಾಂಕ.

15 ದಿನ, 7 ದಿನ, ಅರ್ಧ ಎನ್ನುವುದು ಕಾನೂನು ಹೇಳಿದ್ದಲ್ಲ, ಮಾದರಿ ಮಾತ್ರ. ಅರ್ಧ ಹಿಡಿದುಕೊಂಡ ಮೇಲೆ ಕೋಣೆ ತುಂಬಿದರೆ ಅದನ್ನೂ ಕೊಟ್ಟುಬಿಡುವುದು ನ್ಯಾಯ. ನಿಮ್ಮ ಊರಿನ ವಹಿವಾಟಿಗೆ ತಕ್ಕಂತೆ ಸಂಘದಲ್ಲಿ ಕೂತು ತೀರ್ಮಾನಿಸಿ. ಆದರೆ ಒಂದು ಊರಿನ ಸದಸ್ಯೆಯರು ಎಲ್ಲರೂ ಒಂದೇ ನಿಯಮ ಇಟ್ಟರೆ ಬಂದವರಿಗೂ ನಂಬಿಕೆ ಬರುತ್ತದೆ.

ಅಡುಗೆ ಕೆಲಸಕ್ಕೆ ಹೋಗುವವರು ಹೋಂಸ್ಟೇಯವರ ಹತ್ತಿರ ಮೊದಲೇ ಒಂದು ಮಾತು ಆಡಿಕೊಳ್ಳಿ: "ಹಿಂದಿನ ದಿನ ಸಂಜೆಯೊಳಗೆ ಬೇಡ ಅಂದ್ರೆ ಸರಿ, ಬಂದ ಮೇಲೆ ಬೇಡ ಅಂದ್ರೆ ಅರ್ಧ ಕೂಲಿ." ಒಬ್ಬಳೇ ಕೇಳಿದರೆ "ಬೇರೆಯವರನ್ನ ಕರೀತೀವಿ" ಅನ್ನಬಹುದು. ಹತ್ತು ಜನ ಒಟ್ಟಾಗಿ ಕೇಳಿದರೆ ಮಾತಿಗೆ ಬೆಲೆ ಇದೆ. ಸಂಘ ಇರುವುದು ಅದಕ್ಕೇ.

6. ನಾವೇ ಅತಿಥಿಗಳಾದಾಗ

ಸಂಘದ ಪ್ರವಾಸಕ್ಕೆ 20–30 ಜನಕ್ಕೆ ರೂಮು ಹಿಡಿಯುವಾಗ ಹಣ ಕಳಿಸುವ ಮೊದಲು ಐದು ಪ್ರಶ್ನೆ ಕೇಳಿ. ಕ್ಯಾನ್ಸಲ್ ಆದರೆ ಎಷ್ಟು ವಾಪಸ್? ಎಷ್ಟು ದಿನದಲ್ಲಿ? ಕೆಲವರು ಮಾತ್ರ ಬರದಿದ್ದರೆ? ದಿನ ಬದಲಾಯಿಸಬಹುದೇ? ರಸೀದಿ ಕೊಡುತ್ತೀರಾ? ಉತ್ತರವನ್ನು ಬರಹದಲ್ಲಿ ತೆಗೆದುಕೊಳ್ಳಿ.

ಆಪ್‌ನಲ್ಲಿ ಬುಕ್ ಮಾಡಿದರೆ 2020ರ ಜುಲೈನಲ್ಲಿ ಬಂದ ಇ-ವಾಣಿಜ್ಯ ನಿಯಮಗಳು ನಮ್ಮ ಪರವಾಗಿವೆ. ಕಂಪನಿ ತಾನು ಕ್ಯಾನ್ಸಲ್ ಮಾಡಿದಾಗ ಅಂಥದೇ ಶುಲ್ಕ ತಾನೂ ಹೊರದಿದ್ದರೆ, ಗ್ರಾಹಕರ ಮೇಲೆ ಕ್ಯಾನ್ಸಲ್ ಶುಲ್ಕ ಹಾಕುವ ಹಾಗಿಲ್ಲ. ದೂರು ಕೇಳಲು ಒಬ್ಬ ಅಧಿಕಾರಿ ಇರಬೇಕು. ದೂರು ಬಂತೆಂದು 48 ಗಂಟೆಯೊಳಗೆ ತಿಳಿಸಬೇಕು, ಒಂದು ತಿಂಗಳೊಳಗೆ ಬಗೆಹರಿಸಬೇಕು.

ಬಿಡದೆ ಕೇಳಿದರೆ ಹಣ ಬರುತ್ತದೆ ಎನ್ನುವುದಕ್ಕೆ ಒಂದು ನಿದರ್ಶನ. ಲಾಕ್‌ಡೌನ್‌ನಲ್ಲಿ ರದ್ದಾದ ವಿಮಾನ ಟಿಕೆಟ್‌ಗಳ ವಿಷಯದಲ್ಲಿ ಯಾತ್ರಾ ಎಂಬ ಆನ್‌ಲೈನ್ ಕಂಪನಿ 2021ರಲ್ಲಿ 36,276 ಬುಕಿಂಗ್‌ಗಳ 26 ಕೋಟಿ 25 ಲಕ್ಷ ರೂಪಾಯಿ ವಾಪಸ್ ಕೊಡಬೇಕಾಗಿತ್ತು. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಬೆನ್ನು ಹತ್ತಿದ ಮೇಲೆ 2024ರ ಜೂನ್ ಹೊತ್ತಿಗೆ ಆ ಬಾಕಿ 2 ಕೋಟಿ 52 ಲಕ್ಷಕ್ಕೆ ಇಳಿದಿತ್ತು, ಉಳಿದದ್ದನ್ನೂ ಕೊಡಿ ಎಂದು ಆದೇಶವಾಯಿತು.

7. ಬಗೆಹರಿಯದಿದ್ದರೆ ಎಲ್ಲಿಗೆ ಹೋಗಬೇಕು?

ಮೊದಲು ಮಾತು. ಸಿಟ್ಟಿನಲ್ಲಿ ಅಲ್ಲ, ಲೆಕ್ಕ ಹಿಡಿದುಕೊಂಡು.

ಎರಡನೆಯದು ಪತ್ರ. ಯಾವ ದಿನ ಎಷ್ಟು ಕೊಟ್ಟೆವು, ಯಾವಾಗ ಕ್ಯಾನ್ಸಲ್ ಆಯಿತು, ಎಷ್ಟು ವಾಪಸ್ ಬರಬೇಕು ಎಂದು ಬರೆದು 15 ದಿನ ಗಡುವು ಕೊಟ್ಟು ಅಂಚೆಯಲ್ಲಿ ಕಳಿಸಿ, ರಸೀದಿ ಇಟ್ಟುಕೊಳ್ಳಿ.

ಮೂರನೆಯದು 1915. ಇದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಕನ್ನಡದಲ್ಲೇ ಮಾತನಾಡಬಹುದು. ಎಷ್ಟೋ ದೂರು ಇಲ್ಲೇ ಮುಗಿಯುತ್ತವೆ.

ನಾಲ್ಕನೆಯದು ಹಾಸನದಲ್ಲಿರುವ ಜಿಲ್ಲಾ ಗ್ರಾಹಕ ವ್ಯಾಜ್ಯಗಳ ಪರಿಹಾರ ಆಯೋಗ. ಕೊಟ್ಟ ಹಣ 5 ಲಕ್ಷ ರೂಪಾಯಿವರೆಗೆ ಇದ್ದರೆ ಶುಲ್ಕವೇ ಇಲ್ಲ. ವಕೀಲರು ಇಲ್ಲದೆ ನಾವೇ ವಾದ ಹೇಳಬಹುದು. ರೂಮು ಮೈಸೂರಿನಲ್ಲಿರಲಿ, ಗೋವಾದಲ್ಲಿರಲಿ, ನಾವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಇದು 2019ರ ಕಾಯ್ದೆ ತಂದ ದೊಡ್ಡ ಅನುಕೂಲ. ತೊಂದರೆಯಾದ ದಿನದಿಂದ ಎರಡು ವರ್ಷದೊಳಗೆ ಕೊಡಬೇಕು. ಇ-ಜಾಗೃತಿ ಜಾಲತಾಣದಲ್ಲೂ ದೂರು ಹಾಕಬಹುದು.

ಒಂದು ಎಚ್ಚರಿಕೆ: ಈ ಆಯೋಗದ ಬಾಗಿಲು ತೆರೆದಿರುವುದು ಗ್ರಾಹಕರಿಗೆ. ಕೋಣೆ ಕೊಟ್ಟವರು "ಅತಿಥಿ ಹಣ ಕೊಡಲಿಲ್ಲ" ಎಂದು ಅಲ್ಲಿ ದೂರು ಕೊಡಲು ಆಗುವುದಿಲ್ಲ. ಅವರಿಗೆ ಲೋಕ ಅದಾಲತ್ ಇದೆ, ಸಿವಿಲ್ ನ್ಯಾಯಾಲಯ ಇದೆ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ ಪ್ರಕಾರ ಮಹಿಳೆಯರಿಗೆ ಆದಾಯ ಎಷ್ಟೇ ಇರಲಿ ಉಚಿತ ಕಾನೂನು ನೆರವು ಸಿಗುತ್ತದೆ. ನ್ಯಾಯಾಲಯದ ಆವರಣದಲ್ಲಿ ತಾಲ್ಲೂಕು ಕಾನೂನು ಸೇವಾ ಸಮಿತಿಯನ್ನು ವಿಚಾರಿಸಿ, ಅಥವಾ 15100ಕ್ಕೆ ಫೋನ್ ಮಾಡಿ. ಎಲ್ಲಿಗೆ ಹೋದರೂ ಮೊದಲು ಕೇಳುವುದು "ಏನು ಬರೆದುಕೊಂಡಿದ್ದೀರಿ?" ಎಂದೇ. ಆದ್ದರಿಂದ ಚೀಟಿ ಅತಿಥಿಗಿಂತ ನಮಗೇ ಹೆಚ್ಚು ಬೇಕು.

8. ರೀಫಂಡ್ ಹೆಸರಲ್ಲಿ ಮೋಸ

"ನಾನು ಮಿಲಿಟರಿಯವನು, ನಾಲ್ಕು ರೂಮು ಬೇಕು, ಮುಂಗಡ ಕಳಿಸ್ತೀನಿ, ಈ ಕೋಡ್ ಸ್ಕ್ಯಾನ್ ಮಾಡಿ" ಎಂದು ಫೋನ್ ಬರುತ್ತದೆ. "ತಪ್ಪಿ ಹೆಚ್ಚು ಹಣ ಹಾಕಿದ್ದೀನಿ, ವಾಪಸ್ ಕಳಿಸಿ" ಎಂದೂ ಬರುತ್ತದೆ. ನೆನಪಿಡಿ, ಹಣ ಪಡೆಯಲು ಪಿನ್ ಒತ್ತಬೇಕಾಗಿಲ್ಲ. ಪಿನ್ ಒತ್ತಿದರೆ ಹಣ ಹೋಗುತ್ತದೆ, ಬರುವುದಿಲ್ಲ. ಖಾತೆಗೆ ಹಣ ಬಂದಿದೆಯೇ ಎಂದು ಬ್ಯಾಂಕಿನ ಲೆಕ್ಕದಲ್ಲೇ ನೋಡಿ, ಅವರು ಕಳಿಸಿದ ಫೋಟೋ ನಂಬಬೇಡಿ. ಮೋಸ ಹೋದರೆ ತಡ ಮಾಡದೆ 1930ಕ್ಕೆ ಫೋನ್ ಮಾಡಿ.

ಸಂಘದ ಸಭೆಯಲ್ಲಿ ಚರ್ಚಿಸಲು

1. ಮೇಲಿನ ಲೆಕ್ಕದಲ್ಲಿ (ಇ) ಸಂದರ್ಭದಲ್ಲಿ ಬುಕ್ ಮಾಡಿದವರ ಮನೆಯಲ್ಲಿ ಸಾವಾಗಿ ಬರಲಾಗಲಿಲ್ಲ ಎಂದರೆ ನೀವು ಎಷ್ಟು ಹಿಡಿದುಕೊಳ್ಳುತ್ತೀರಿ? ಯಾಕೆ?
2. ನಮ್ಮ ಸಂಘದ ಶಾಮಿಯಾನ, ಪಾತ್ರೆ, ಕುರ್ಚಿ ಬಾಡಿಗೆಗೆ ಕೊಡುವಾಗ ಮುಂಗಡಕ್ಕೆ ನಿಯಮ ಇದೆಯೇ?
3. ಅಡುಗೆಗೆ ಹೋಗುವ ಸದಸ್ಯೆಯರಿಗೆ ಕಳೆದ ವರ್ಷ ಎಷ್ಟು ದಿನ ಹೀಗೆ ಕೂಲಿ ತಪ್ಪಿತು? ಒಬ್ಬೊಬ್ಬರೂ ಹೇಳಿ, ಬರೆದುಕೊಳ್ಳಿ.

ಮುಂದಿನ ಸಭೆಗೆ ಮಾಡಿಕೊಂಡು ಬರಬೇಕಾದ ಕೆಲಸ: ಮಾದರಿ ಚೀಟಿಯನ್ನು ನಿಮ್ಮ ಸಂಘಕ್ಕೆ ಹೊಂದುವಂತೆ ತಿದ್ದಿ ಬರೆದು ತನ್ನಿ. ಓದು ಬಾರದವರಿಗೆ ಪಕ್ಕದಲ್ಲಿ ಕೂತವರು ಓದಿ ಹೇಳಿ. ಈಗಾಗಲೇ ಮುಂಗಡ ತೆಗೆದುಕೊಂಡವರು ಆ ಹಣ ಎಲ್ಲಿದೆ ಎಂದು ಇವತ್ತೇ ನೋಡಿಕೊಳ್ಳಿ.